ಅಪ್ಪ ದಿನಾ ಚೀಲ ಎತ್ತಿದ್ರೂ ಮನ್ಯಾಗ ಯಾಕ ಏನೂ ಉಳಿಯಲ್ಲ? ಪುಸ್ತಕದ ಉತ್ತರ ಮನಸಿಗಿ ಹತ್ತವಲ್ದು

ಕಾಗಿಣಾ_ದಂಡಿ_ಹುಡುಗ

ಎಲ್ಲರಿಗೂ ನಮಸ್ಕಾರ ರೀ. ನಾ ಎಂ.ಎ ಎಕನಾಮಿಕ್ಸ್ ಮೊದಲ್ನೇ ವರ್ಷ ಓದ್ಲತ್ತೀನಿ, ಕಲಬುರಗಿದಾಗ ಒಂದು ರೂಮ್ ಅದ, ತೊಗರಿ ಸೀಸನ್ ಬಂತಂದ್ರ ಅಪ್ಪನೂ ಊರಿಂದ ಬಂದು ನನ್ನ ಜೋಡಿನೇ ಇರ್ತಾನ ಯಾಕಂದ್ರ ಅಂವ ಗಂಜಿನಾಗ, ಅಂದ್ರ ಕಾಳಿನ ಮಾರುಕಟ್ಟಿದಾಗ, ಹಮಾಲಿ. ರಾತ್ರಿ ಎಂಟೂವರಿಗಿ ಬರ್ತಾನ, ತಲಿ ಕೂದಲ ಎಲ್ಲಾ ತೊಗರಿ ಧೂಳು, ಕುತ್ತಿಗಿ ಹಿಂದ ಚೀಲ ಕುಂದ್ರೋ ಜಾಗಾದಾಗ ಚರ್ಮ ಗಟ್ಟಿಯಾಗಿ ಎತ್ತಿನ ಹೆಗಲಿನಂಗ ಆಗ್ಯಾದ, ನಾ ಸಣ್ಣಾಂವ ಇದ್ದಾಗ ಅದನ್ನ ಮುಟ್ಟಿ ನೋಡ್ತಿದ್ದೆ.

ಮೊನ್ನಿ ಕ್ಲಾಸಿನಾಗ ಕೂಲಿ ಸಿದ್ಧಾಂತ ಆಯ್ತು. ಜಾನ್ ಬೇಟ್ಸ್ ಕ್ಲಾರ್ಕ್ ಅಂತ ಅಮೆರಿಕಾದಾಂವ 1899ರಾಗ ಹೇಳಿದ್ದು, ಪೈಪೋಟಿ ಸರಿಯಾಗಿ ಇದ್ರ ಕೂಲಿಕಾರಗ ಅಂವ ಕೊನಿಗಿ ಎಷ್ಟು ಉತ್ಪಾದನಾ ಹೆಚ್ಚು ಮಾಡ್ತಾನೋ ಅಷ್ಟೇ ಸಿಗ್ತದ, ಬಂಡವಾಳಕ್ಕ ಅದರ ಪಾಲು ಸಿಗ್ತದ, ಯಾರಿಗೂ ಅನ್ಯಾಯ ಇಲ್ಲ ಅಂತ. ನೋಟ್ಸ್ ಬರಕೊಂಡೆ. ರಾತ್ರಿ ಅಪ್ಪ ಊಟಕ್ಕ ಕುಂತಾಗ ಅದೇ ನೋಟ್ಸು ಮುಂದಿತ್ತು, ಅಂವನ ಕೈ ನೋಡಿದೆ, ನೋಟ್ಸು ನೋಡಿದೆ, ಹಂಗಾದ್ರ ನಮ್ಮಪ್ಪನ ಬೆಲಿ ಇಷ್ಟೇನಾ ಅನಿಸಿ ಅನ್ನ ಗಂಟಲದಾಗ ಇಳೀಲಿಲ್ಲ.

ನನ್ನ ಪ್ರಶ್ನೆ ಏನಂದ್ರ, ಮಾರ್ಕ್ಸ್‌ವಾದಿಗಳು ಮತ್ತ ಬ್ಯಾರೆ ಎಡಪಂಥದ ಅರ್ಥಶಾಸ್ತ್ರಜ್ಞರು ಈ ಮಾತಿಗಿ ಏನು ಉತ್ತರ ಕೊಡ್ತಾರ? ಅಸಮಾನತೆ ಅನ್ನೋದು ಯಾರೋ ಕಡಿಮಿ ಓದಿದ್ರಿಂದ, ಕಡಿಮಿ ದುಡಿದಿದ್ರಿಂದ ಬರ್ತದೋ ಇಲ್ಲಾ ಬಂಡವಾಳಶಾಹಿ ನಡಿಯೋ ರೀತಿಯಿಂದನೇ ಹುಟ್ತದೋ? ಶ್ರೀಮಂತರ ಮ್ಯಾಲ ಟ್ಯಾಕ್ಸ್ ಹಾಕಿದ್ರ ಸಾಕಾಗ್ತದಾ? ಪರೀಕ್ಷಾಕ್ಕ ಅಂತ ಕೇಳಲ್ಲ, ಖರೇನೇ ತಿಳ್ಕೋಬೇಕಾಗ್ಯಾದ.

ಗಂಜ್_ಖಾತೆ

ತಮ್ಮಾ, ನಾ ಸಿದ್ಧಾಂತ ಓದಿದಾಂವ ಅಲ್ಲ, ಪಿಯುಸಿಗೇ ಬಿಟ್ಟೀನಿ. ಆದ್ರ 22 ವರ್ಷ ಆಯ್ತು ಅಡತ್ ದುಕಾನದಾಗ (ರೈತರ ಮಾಲು ಮಾರಿಸಿಕೊಡೋ ದಲಾಲಿ ಅಂಗಡಿ) ಖಾತೆ ಬರೀಲತ್ತೀನಿ, ಅದಕ್ಕ ಒಂದು ಖಾತೆ ಹೇಳ್ತೀನಿ, ಹೆಸರು ಬ್ಯಾಡ.

ಆಳಂದ ಕಡಿ ಒಬ್ಬ ರೈತ, ನಾಕು ಎಕರೆ ಒಣ ಬೇಸಾಯ. 2023ರ ಜೂನಿನಾಗ ಬೀಜ, ಗೊಬ್ಬರಕ್ಕಂತ ದುಕಾನದಿಂದ 40 ಸಾವಿರ ಎತ್ತಿದ. ಬಡ್ಡಿ ನೂರಕ್ಕ ಮೂರು, ತಿಂಗಳಿಗಿ. ಎತ್ತಿದಾಗನೇ ಮಾತು ಆಗಿರ್ತದ, ಮಾಲು ಇಲ್ಲೇ ತಂದು ಹಾಕಬೇಕು ಅಂತ. ಜನವರಿದಾಗ ರಾಶಿ ಆಗಿ 10 ಕ್ವಿಂಟಲ್ ತಂದ, ರೇಟು 9,200 ಹತ್ತಿತು, 92 ಸಾವಿರ. ಏಳು ತಿಂಗಳ ಬಡ್ಡಿ 8,400, ಅಸಲು 40 ಸಾವಿರ, ಕೈಗಿ ಬಂದಿದ್ದು 43,600, ಅದರಾಗ ಚೀಲ, ಗಾಡಿ ಬಾಡಿಗಿ, ಹಮಾಲಿ ಬ್ಯಾರೆ. ಅದೇ ವರ್ಷ ಬ್ಯಾಸಗಿ ಕಳೆದು ಜೂನ್ ಬರೋದ್ರಾಗ ತೊಗರಿ 12 ಸಾವಿರದ ಹತ್ತಿರ ಹೋಯ್ತು. ಅಂದ್ರ ಅದೇ 10 ಕ್ವಿಂಟಲಿಗಿ ಹೆಚ್ಚುಕಮ್ಮಿ 28 ಸಾವಿರ ಫರಕ್. ಆ 28 ಸಾವಿರ ಯಾರು ದುಡಿದಿದ್ದು? ಯಾರೂ ದುಡೀಲಿಲ್ಲ, ಮಾಲು ಗೋಡೌನಿನಾಗ ಸುಮ್ನ ಕುಂತಿತ್ತು. ಕಾಯಲಿಕ್ಕಿ ಯಾರಿಂದ ಆಗ್ತದೋ ಅಂವಗ ಸಿಕ್ತು, ಯಾರಿಗಿ ಮಗಳ ಮದಿವಿ, ದವಾಖಾನಿ, ಹಳೇ ಸಾಲ ಅದಾವೋ ಅಂವ ಜನವರಿದಾಗೇ ಬಿಟ್ಟು ಹೋದ.

ಪ್ರತೀ ವರ್ಷ ರೇಟು ಏರ್ತದ ಅಂತ ಹೇಳ್ಲತ್ತಿಲ್ಲ. 2025ರ ರಾಶಿ ಹೊತ್ತಿಗಿ ರೇಟು ಮತ್ತ ಸರ್ಕಾರದ ಬೆಂಬಲ ಬೆಲಿ 7,550ರ ಆಸುಪಾಸಿಗಿ ಬಂದು ಕುಂತಿತು, ಹೊರಗಿಂದ ತೊಗರಿ ತರಲಿಕ್ಕಿ ಇದ್ದ ಮಿತಿ 2021ರಾಗ ತೆಗೆದಿದ್ರು, ಮ್ಯಾನ್ಮಾರ್, ಮೊಜಾಂಬಿಕ್‌ದಿಂದ ಬರ್ತಿತ್ತು. ಹಿಡಿದಿಟ್ಟಾಂವಗೂ ಲುಕ್ಸಾನ್ ಆಗ್ತದ. ಆದ್ರ ಲುಕ್ಸಾನ್ ಆದ್ರ ಅಂವ ಗೋಡೌನ್ ಮಾರಲ್ಲ, ರೈತ ಹೊಲ ಮಾರ್ತಾನ. ನಾ ಖಾತೆದಾಗ ನೋಡಿದ್ದು ಇಷ್ಟು. ಉಳಿದದ್ದು ಓದಿದವರು ಹೇಳ್ರಿ.

ಬೀದರ್_ಮೇಷ್ಟ್ರು

ಗಂಜ್ ಖಾತೆಯವರು ಬರೆದಿದ್ದನ್ನ ಓದಿ ನನಗ ಕೃಷ್ಣಾ ಭಾರದ್ವಾಜ್ ನೆನಪಾದ್ರು. ಕಾರವಾರದಾಗ ಹುಟ್ಟಿದವ್ರು, ಮುಂದ ದಿಲ್ಲಿ ಜೆಎನ್‌ಯುದಾಗ ಅರ್ಥಶಾಸ್ತ್ರ ವಿಭಾಗ ಕಟ್ಟಿದವ್ರು. 1974ರಾಗ ಅವ್ರು ಬರೆದ ವಿಚಾರ ಇದೇ: ಹಳ್ಳಿದಾಗ ಸಾಲದ ಮಾರುಕಟ್ಟೆ, ಮಾಲಿನ ಮಾರುಕಟ್ಟೆ, ಕೂಲಿ ಮಾರುಕಟ್ಟೆ ಬ್ಯಾರೆಬ್ಯಾರೆ ಇರಲ್ಲ, ಒಂದಕ್ಕೊಂದು ಗಂಟು ಹಾಕಿರ್ತಾವ. ಸಾಲ ಕೊಟ್ಟಾಂವನೇ ಮಾಲು ಕೊಳ್ಳಾಂವ, ಅಂವನ ಹೊಲದಾಗನೇ ಹೆಂಡ್ತಿ ಮಕ್ಕಳು ಕೂಲಿಗಿ ಹೋಗಬೇಕು. ಇಂಥಲ್ಲಿ ಬಡ ರೈತ ಪ್ಯಾಟಿಗಿ ಬರೋದು ಲಾಭ ಮಾಡ್ಲಿಕ್ಕಲ್ಲ, ಬರಲೇಬೇಕಾಗಿರ್ತದ ಅದಕ್ಕ ಬರ್ತಾನ. ಪುಸ್ತಕದಾಗ ಇಂವಗೂ, ಕಾದು ಲಾಭಕ್ಕ ಮಾರೋ ಅಂವಗೂ 'ಮಾರಾಟಗಾರ' ಅಂತ ಒಂದೇ ಹೆಸರು.

ಈಗ ತಮ್ಮನ ಮೊದಲ ಪ್ರಶ್ನೆಗಿ ಬರ್ತೀನಿ. ನಾ 31 ವರ್ಷ ಕಾಲೇಜಿನಾಗ ಇದೇ ಕ್ಲಾರ್ಕ್ ಸಿದ್ಧಾಂತ ಕಲಿಸೀನಿ ಮತ್ತ ಪ್ರತೀ ವರ್ಷ ಅದನ್ನ ಕಲಿಸಿದ ಮರುದಿನ ಇನ್ನೊಂದು ಕ್ಲಾಸ್ ತಗೊಂಡು ಅದರ ತೂತು ತೋರಿಸೀನಿ, ಸಿಲೆಬಸ್‌ನಾಗ ಇರ್ಲಿಲ್ಲ.

ಬಂಡವಾಳಕ್ಕ ಅದರ ಉತ್ಪಾದನೆಯಷ್ಟು ಲಾಭ ಸಿಗ್ತದ ಅಂತಾರಲ್ಲ, ಮೊದಲು ಬಂಡವಾಳ ಎಷ್ಟದ ಅಂತ ಅಳೀಬೇಕಲ್ಲ. ಒಂದು ದಾಲ್ ಮಿಲ್ ತಗೋ. ಅದರಾಗ ಕಬ್ಬಿಣ ಅದ, ಮೋಟರ್ ಅದ, ಜರಡಿ ಅದ, ಶೆಡ್ಡು ಅದ, ಇವನ್ನ ಕೂಡಿಸಿ ಒಂದು ಲೆಕ್ಕ ಹೇಳಬೇಕಂದ್ರ ರೊಕ್ಕದಾಗ ಹೇಳಬೇಕು. ಆ ಮಿಲ್ಲಿನ ಬೆಲಿ ಎಷ್ಟು? ಅದು ಮುಂದ ಎಷ್ಟು ಲಾಭ ತರ್ತದೋ ಅದನ್ನ ನೋಡಿ ಕೊಳ್ಳಾಂವ ಬೆಲಿ ಕಟ್ತಾನ. ಲಾಭ ಎಷ್ಟಿರಬೇಕು? ಬಂಡವಾಳ ಎಷ್ಟದ ಅದರ ಮ್ಯಾಲ. ಬಾಲ ಕಚ್ಚಿಕೊಂಡ ಹಾವಿನಂಗ ಸುತ್ತು ಹೊಡೀತದ. ಜೋನ್ ರಾಬಿನ್ಸನ್ ಅನ್ನೋ ಹೆಣ್ಮಗಳು ಇಂಗ್ಲೆಂಡಿನ ಕೇಂಬ್ರಿಜ್‌ದಾಗ 1953ರ ಸುಮಾರಿಗಿ ಈ ಪ್ರಶ್ನೆ ಎತ್ತಿದ್ರು, 1960ರಾಗ ಅಲ್ಲೇ ಇದ್ದ ಸ್ರಾಫಾ ಅನ್ನೋ ಇಟಲಿದ ಅರ್ಥಶಾಸ್ತ್ರಜ್ಞ ಗಣಿತದಾಗ ಹಾಕಿ ತೋರಿಸಿದ. ಎದುರು ಪಾರ್ಟಿ ಅಮೆರಿಕಾದ ಕೇಂಬ್ರಿಜ್, ಸ್ಯಾಮುಯೆಲ್ಸನ್ ಅಂಥ ದೊಡ್ಡ ಮನುಷ್ಯ, ಅಂವ 1966ರಾಗ ತರ್ಕದ ಮಟ್ಟಿಗಿ ಇವರ ಮಾತು ಸರಿ ಅಂತ ಒಪ್ಪಿಕೊಂಡ. ಒಪ್ಪಿಕೊಂಡ ಮ್ಯಾಲೂ ಪಠ್ಯಪುಸ್ತಕ ಬದಲಾಗಲಿಲ್ಲ, ಇದು ನನಗ ಇವತ್ತಿಗೂ ಸಿಟ್ಟು ತರೋ ಸಂಗತಿ. ನಿನ್ನಂಥ ಎಷ್ಟು ಮಕ್ಕಳು ಅಪ್ಪನ ಮುಖ ನೋಡಿ ಇದೇ ಇವನ ಬೆಲಿ ಅಂತ ನಂಬಿ ಹೋಗಿರಬೇಕು.

ಮಾರ್ಕ್ಸ್ ಬ್ಯಾರೆ ಕಡಿಯಿಂದ ಬರ್ತಾನ. ನಿಮ್ಮಪ್ಪ ಮಾರೋದು ಕೆಲಸ ಅಲ್ಲ, ಕೆಲಸ ಮಾಡೋ ಶಕ್ತಿ, ಇದು ಅಂವನ 1867ರ ಪುಸ್ತಕದ ಬುಡದಾಗಿರೋ ಮಾತು. ಶ್ರಮಶಕ್ತಿಯ ಬೆಲಿ ಯಾವುದರಿಂದ ಕಟ್ತದ? ನಾಳಿ ಮತ್ತ ಎದ್ದು ಬರೋದಕ್ಕ ಎಷ್ಟು ರೊಟ್ಟಿ, ಎಷ್ಟು ಬಾಡಿಗಿ, ಮಕ್ಕಳನ್ನ ಬೆಳೆಸ್ಲಿಕ್ಕಿ ಎಷ್ಟು ಬೇಕೋ ಅದರಿಂದ. ಆದ್ರ ಆ ಶಕ್ತಿ ಕೆಲಸಕ್ಕಿಳಿದ ಮ್ಯಾಲ ಹುಟ್ಟಿಸೋ ಮೌಲ್ಯ ಅದಕ್ಕಿಂತ ಹೆಚ್ಚು, ಆ ಹೆಚ್ಚಿನ ಪಾಲಿಗೇ ಹೆಚ್ಚುವರಿ ಮೌಲ್ಯ ಅಂತಾರ. ಮುಂಜಾನಿ ಒಂದಿಷ್ಟು ತಾಸು ತನ್ನ ರೊಟ್ಟಿಗಿ ದುಡೀತಾನ, ಉಳಿದ ತಾಸು ಮಾಲಕನ ಪಾಲಿಗಿ, ಆದ್ರ ತಾಸುಗಳ ನಡುವ ಗೆರಿ ಇಲ್ಲದ್ದಕ್ಕ ಎಲ್ಲದಕ್ಕೂ ಕೂಲಿ ಕೊಟ್ಟಂಗ ಕಾಣ್ತದ. ನಮ್ಮ ಕಡಿ ಜಹಗೀರದಾರರ ಕಾಲದಾಗ ಆ ಗೆರಿ ಕಣ್ಣಿಗಿ ಕಾಣ್ತಿತ್ತು ನೋಡು, ಈ ದಿನ ನಿನ್ನ ಹೊಲ, ಆ ದಿನ ಜಹಗೀರದಾರನ ಹೊಲದಾಗ ಬಿಟ್ಟಿ. 1948ರ ಸೆಪ್ಟೆಂಬರ್ 17ಕ್ಕ ನಿಜಾಮನ ಆಳ್ವಿಕಿ ಹೋಯ್ತು, 1949ಕ್ಕ ಜಹಗೀರು ರದ್ದಾದ್ವು, ಬಿಟ್ಟಿ ಕಾಗದದ ಮ್ಯಾಲ ಹೋಯ್ತು. ಈಗಿನದ್ದು ಬಿಟ್ಟಿ ಅಂತ ಯಾರೂ ಅನ್ನಲ್ಲ, ಸಹಿ ಮಾಡಿದ ಒಪ್ಪಂದ.

ಚೀಲಕ್ಕ ಇಷ್ಟು ಅಂತ ಕೊಡೋ ಕೂಲಿ ಬಗ್ಗೆನೂ ಮಾರ್ಕ್ಸ್ ಬರೆದಾನ. ಚೀಲಕ್ಕ ರೇಟು ಇಟ್ರ ಮೇಲ್ವಿಚಾರಕನೇ ಬ್ಯಾಡ, ಆಳು ತಾನೇ ತನ್ನ ಮೈ ಓಡಿಸ್ತಾನ. ಹೆಚ್ಚು ಚೀಲ ಎತ್ತೋದು ಎಲ್ಲರಿಗೂ ರೂಢಿ ಆಯ್ತಂದ್ರ ಚೀಲದ ರೇಟು ಸಾವಕಾಶ ಅಲ್ಲಿಗೇ ಬಂದು ನಿಲ್ತದ, ಕೊನಿಗಿ ದಿನದ ಲೆಕ್ಕ ಮೊದಲಿನದ್ದೇ.

ಮಿಲ್ಲಿನ_ಮನಿಯವ

ಮೇಷ್ಟ್ರ ಮ್ಯಾಲ ಗೌರವ ಅದ, ಆದ್ರ ನಾ ಒಂದು ಮಾತು ಹೇಳಲೇಬೇಕು. ನಮ್ಮದು ಸಣ್ಣ ದಾಲ್ ಮಿಲ್, ಅಜ್ಜನ ಕಾಲದ್ದು. ಕಲಬುರಗಿದಾಗ ಎಷ್ಟು ದಾಲ್ ಮಿಲ್ ಬಂದ್ ಬಿದ್ದಾವ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಸುತ್ತು ಹೊಡೆದು ನೋಡ್ರಿ. ಕ್ವಿಂಟಲ್ ತೊಗರಿ ಹಾಕಿದ್ರ ಬ್ಯಾಳಿ ಬೀಳೋದು 70 ಕೆಜಿ ಆಸುಪಾಸು, ಉಳಿದಿದ್ದು ನುಚ್ಚು, ಚುನಿ, ಹೊಟ್ಟು, ದನದ ಮೇವಿಗಿ ಹೋಗ್ತದ. ಬ್ಯಾಂಕ್ ಬಡ್ಡಿ, ಕರೆಂಟ್ ಬಿಲ್, ಆಮ್ಯಾಲ ಮಾಲು ಕೊಟ್ಟು ಎರಡು ತಿಂಗಳು ಪೇಮೆಂಟಿಗಿ ಕಾಯೋದು. ನಮ್ಮ ಬ್ಯಾಳಿ ದೊಡ್ಡ ಕಂಪನಿ ಒಯ್ದು ತನ್ನ ಪ್ಯಾಕೆಟಿನಾಗ ತುಂಬಿ ಮಾರ್ತದ, ರೇಟು ಅವ್ರು ಹೇಳಿದ್ದೇ. ಅಪ್ಪಗ ಎರಡು ಸಲ ಹೊಲ ಅಡ ಇಡೋ ಪರಿಸ್ಥಿತಿ ಬಂದಿತ್ತು. ನಾವು ಹೆಚ್ಚುವರಿ ಮೌಲ್ಯ ತಿಂದು ಕುಂತಿದ್ರ ಹಿಂಗ್ಯಾಕ ಇರ್ತಿದ್ವಿ? ರಿಸ್ಕ್ ತಗೊಳ್ಳೋದಕ್ಕ ಬೆಲಿನೇ ಇಲ್ಲಾ?

ಇನ್ನೊಂದು, ಊರೂ ಬದಲಾಗ್ಯಾದ. 1990ರಾಗ ನಮ್ಮ ಮಿಲ್ಲಿನ ಆಳುಗಳು ಬರಿಗಾಲಲ್ಲಿ ಬರ್ತಿದ್ರಂತ, ಈಗ ಬೈಕ್ ಮ್ಯಾಲ ಬರ್ತಾರ. ವಿಶ್ವಬ್ಯಾಂಕೇ ಹೇಳ್ಯಾದ, ಭಾರತದಾಗ ಖರ್ಚಿನ ಮ್ಯಾಲಿನ ಜಿನಿ ಸೂಚ್ಯಂಕ (ಅಸಮಾನತೆ ಅಳಿಯೋ ಅಂಕಿ, ಕಡಿಮಿ ಇದ್ದಷ್ಟು ಸಮಾನ) 2011-12ರಾಗ 28.8 ಇದ್ದಿದ್ದು 2022-23ಕ್ಕ 25.5ಕ್ಕ ಇಳಿದದ ಅಂತ. ಅಂದ್ರ ಅಸಮಾನತೆ ಕಡಿಮಿ ಆಗ್ಯಾದ ಅಂತ ತಾನೇ ಅರ್ಥ? ಇದಕ್ಕ ಉತ್ತರ ಬೇಕು.

ಬೀದರ್_ಮೇಷ್ಟ್ರು

ಮಿಲ್ಲಿನ ಮನಿಯವರೇ, ನೀವು ಮನಸ್ಸು ಬಿಚ್ಚಿ ಬರೆದಿದ್ದು ಛಲೋ ಆಯ್ತು, ನಿಮ್ಮ ತಂದಿಯವರ ಕಷ್ಟದ ಬಗ್ಗೆ ನನಗ ಸಂಶಯ ಇಲ್ಲ. ಮಾಲಕ ಕೆಟ್ಟಾಂವ ಅಂತ ನಾ ಎಲ್ಲೂ ಹೇಳಲಿಲ್ಲ, ಮಾರ್ಕ್ಸೂ ಹೇಳಲ್ಲ. ನೀವು ಕೂಲಿ ಹೆಚ್ಚು ಕೊಟ್ರ ಬಾಜೂ ಮಿಲ್ಲಿನಾಂವ ಕಡಿಮಿ ರೇಟಿಗಿ ಬ್ಯಾಳಿ ಮಾರ್ತಾನ, ನೀವು ಮುಳುಗ್ತೀರಿ. ಪೈಪೋಟಿಯೇ ನಿಮ್ಮ ಕೈ ಕಟ್ಟಿ ಹಾಕ್ಯಾದ. ಆಮ್ಯಾಲ ಹೆಚ್ಚುವರಿ ಮೌಲ್ಯ ಹುಟ್ಟಿದ ಜಾಗಾದಾಗೇ ಉಳಿಯಲ್ಲ. ಅದರಾಗ ಬ್ಯಾಂಕಿಗಿ ಬಡ್ಡಿ ಹೋಗ್ತದ, ಜಾಗಾದಾಂವಗ ಬಾಡಿಗಿ, ಕೊಳ್ಳೋ ದೊಡ್ಡ ಕಂಪನಿಗಿ ಅದರ ಪಾಲು. ಬ್ಯಾರನ್ ಮತ್ತ ಸ್ವೀಜಿ ಅಂತ ಇಬ್ಬರು ಅಮೆರಿಕಾದ ಮಾರ್ಕ್ಸ್‌ವಾದಿಗಳು 1966ರಾಗ ಹೇಳಿದ್ದು ಇದನ್ನೇ, ಕೆಲವೇ ದೊಡ್ಡ ಕಂಪನಿ ಉಳಿದಾಗ ರೇಟು ಕಟ್ಟೋ ಅಧಿಕಾರ ಅವರ ಕೈಗಿ ಹೋಗ್ತದ, ಸಣ್ಣವರು ಅವರ ಶರ್ತಿನ ಮ್ಯಾಲ ಬದುಕಬೇಕು. ನಿಮ್ಮ ಬಂದ್ ಬಿದ್ದ ಮಿಲ್ಲುಗಳು ಈ ಮಾತಿಗಿ ಸಾಕ್ಷಿ. ಸೇಡಂ, ವಾಡಿ, ಚಿತ್ತಾಪುರ ಕಡಿ ನೆಲದಾಗಿನ ಸುಣ್ಣದ ಕಲ್ಲು ಸಿಮೆಂಟ್ ಆಗಿ ದೇಶಾ ತುಂಬ ಹೋಗ್ತದ, ಆದ್ರ ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದ್ರ ತಲಾ ಆದಾಯದಾಗ ಬೆಂಗಳೂರು ನಗರ ಎಲ್ಲಕ್ಕೂ ಮ್ಯಾಲ, ಕಲಬುರಗಿ ತಳಕ್ಕ. ಕಲ್ಲು ನಮ್ಮದು, ಧೂಳು ನಮ್ಮದು, ಷೇರು ಹಿಡಿದವರು ಬ್ಯಾರೆ ಕಡಿ.

ರಿಸ್ಕ್ ವಿಷಯ. ಮಳಿ ಹೋದ್ರ ರೈತಂದೂ ರಿಸ್ಕ್, 50 ಕೆಜಿ ಹೊತ್ತು ಹಲಗಿ ಮ್ಯಾಲ ಲಾರಿ ಏರೋ ಹಮಾಲಿ ಕಾಲು ಜಾರಿದ್ರ ಅದೂ ರಿಸ್ಕ್. ಅವರ ರಿಸ್ಕಿಗಿ ಲಾಭ ಯಾಕ ಸಿಗಲ್ಲ? ಆಸ್ತಿ ಇದ್ದಾಂವನ ರಿಸ್ಕಿಗಿ ಮಾತ್ರ ಲಾಭ ಸಿಗ್ತದ ಅಂದ ಮ್ಯಾಲ ಸಿಗ್ಲತ್ತಿದ್ದು ಆಸ್ತಿಗಿ, ರಿಸ್ಕಿಗಿ ಅಲ್ಲ.

ಜಿನಿ ಬಗ್ಗೆ ನೀವು ಕೊಟ್ಟ ಲೆಕ್ಕ ಸರಿ ಅದ, ಆದ್ರ ಅದು ಖರ್ಚಿನ ಸರ್ವೇ. ಬಡವ ಗಳಿಸಿದ್ದೆಲ್ಲಾ ಖರ್ಚು ಮಾಡ್ತಾನ, ಸಾಲ ತಂದೂ ಮಾಡ್ತಾನ, ಬೈಕಿನ ಕಂತು ಅದರಾಗೇ ಬರ್ತದ. ಶ್ರೀಮಂತ ಗಳಿಕಿದಾಗ ಸಣ್ಣ ಪಾಲು ಖರ್ಚು ಮಾಡಿ ಉಳಿದಿದ್ದು ಷೇರು, ಜಮೀನಿನಾಗ ಹಾಕ್ತಾನ, ಸರ್ವೇ ಮಾಡೋರಿಗಿ ಅಂವನ ಗೇಟೂ ತೆರಿಯಲ್ಲ. ಹೊಟ್ಟಿ ಎಷ್ಟೇ ದೊಡ್ಡದಿದ್ರೂ ರೊಟ್ಟಿ ತಿನ್ನೋದಕ್ಕ ಮಿತಿ ಅದ, ಆಸ್ತಿ ಮಾಡೋದಕ್ಕ ಮಿತಿ ಇಲ್ಲ. 2024ರ ಮಾರ್ಚಿನಾಗ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಮತ್ತವರ ತಂಡ ಟ್ಯಾಕ್ಸ್ ದಾಖಲೆ, ಸರ್ವೇ ಎಲ್ಲಾ ಕೂಡಿಸಿ ಲೆಕ್ಕ ಹಾಕಿ ಹೇಳ್ಯಾರ, 2022-23ರಾಗ ದೇಶದ ಆದಾಯದಾಗ ಮ್ಯಾಲಿನ ಶೇ. 1 ಮಂದಿ ಪಾಲು ಶೇ. 22.6, ಸಂಪತ್ತಿನಾಗ ಶೇ. 40.1. ಕೆಳಗಿನ ಅರ್ಧ ಮಂದಿ ಹತ್ರ ಇರೋ ಸಂಪತ್ತು ಶೇ. 6.4. 1980ರ ದಶಕದ ಶುರುದಾಗ ಆ ಮ್ಯಾಲಿನ ಶೇ. 1 ಮಂದಿ ಆದಾಯದ ಪಾಲು ಶೇ. 6ರ ಆಸುಪಾಸು ಇತ್ತು. ಬೈಕು ಬಂದಿದ್ದೂ ಖರೆ, ಇದೂ ಖರೆ.

ಟ್ಯಾಕ್ಸ್ ಸಾಕಾ ಅಂತ ತಮ್ಮ ಕೇಳ್ಯಾನ. ನಮ್ಮ ದೇಶದಾಗ 1973-74ಕ್ಕ ಆದಾಯ ತೆರಿಗೆಯ ಮ್ಯಾಲಿನ ದರ ಸರ್ಚಾರ್ಜ್ ಸೇರಿ ಶೇ. 97.75 ಇತ್ತು, ವಾರಸಾ ಆಸ್ತಿ ಮ್ಯಾಲಿನ ತೆರಿಗೆ ಶೇ. 85ರ ತನಕ ಇತ್ತು. ಮಂದಿ ಕದ್ದರು, ವಸೂಲಿ ಆಗ್ಲಿಲ್ಲ ಅಂತ ವಾರಸಾ ತೆರಿಗೆ 1985ರಾಗ ತೆಗೆದ್ರು, ಸಂಪತ್ತಿನ ತೆರಿಗೆ 2015ರ ಬಜೆಟ್‌ನಾಗ ಹೋಯ್ತು, 2019ರ ಸೆಪ್ಟೆಂಬರಿನಾಗ ಕಂಪನಿ ತೆರಿಗೆ ಶೇ. 30ರಿಂದ 22ಕ್ಕ ಬಂತು. ಪಿಕೆಟ್ಟಿ ಬೇಡಿಕಿ ಮತ್ತ ಸಂಪತ್ತಿನ ಮ್ಯಾಲ ತೆರಿಗೆ ಹಾಕ್ರಿ ಅಂತ, ನಾನೂ ಹಾಕಬೇಕು ಅಂತೀನಿ. ಆದ್ರ ಎಡಪಂಥದವರು ಅಂವನ ಜೋಡಿ ಜಗಳ ತೆಗೆಯೋ ಜಾಗಾ ಬ್ಯಾರೆ ಅದ. ಪಿಕೆಟ್ಟಿ ಬಂಡವಾಳ ಅಂದ್ರ ಮನಿ, ಹೊಲ, ಷೇರು ಎಲ್ಲಾ ಕೂಡಿಸಿದ ಗುಡ್ಡಿ ಅಂತ ಎಣಿಸ್ತಾನ. ಡೇವಿಡ್ ಹಾರ್ವಿ ಅಂಥ ಮಾರ್ಕ್ಸ್‌ವಾದಿಗಳು ಅಂತಾರ, ಅದು ಗುಡ್ಡಿ ಅಲ್ಲ, ಓಡೋ ಚಕ್ರ, ಒಬ್ಬರ ದುಡಿಮಿ ಇನ್ನೊಬ್ಬರ ಕೈಗಿ ಹೋಗೋ ಸಂಬಂಧ. ಗುಡ್ಡಿ ಮ್ಯಾಲಿಂದ ಒಂದು ಬುಟ್ಟಿ ತೆಗೆದು ಹಂಚಿದ್ರ ನಾಳಿ ಚಕ್ರ ಮತ್ತ ಅಷ್ಟೇ ಗುಡ್ಡಿ ಹಾಕ್ತದ. ಹೊಲ ಯಾರದ್ದು, ಮಿಲ್ ಯಾರದ್ದು, ಗೋಡೌನ್ ಕೀಲಿ ಯಾರ ಕೈಯಾಗ ಅನ್ನೋದನ್ನ ಬದಲಾಯಿಸದೇ ಆಗಲ್ಲ ಅಂತ ಅವರ ವಾದ. ನನಗೂ ಇದೇ ಖರೆ ಅನಿಸ್ತದ, ಹೆಂಗ ಬದಲಾಯಿಸೋದು ಅನ್ನೋದ್ರಾಗ ಅವರೊಳಗೇ ನೂರು ಜಗಳ ಅದಾವ.

ಗುರುಮಠಕಲ್_ಅಕ್ಕ

ಮೇಷ್ಟ್ರೇ, ಎಲ್ಲಾ ಓದಿದೆ, ಭಾಳ ತಿಳೀತು. ಆದ್ರ ನೀವೆಲ್ಲರೂ ಹಮಾಲಿ, ರೈತ, ಮಾಲಕ ಅಂತ ಬರೆದೀರಿ, ಮೂವರೂ ಗಂಡಸರೇ. ಆ ಹಮಾಲಿ ಮುಂಜಾನಿ ಎದ್ದು ಹೋಗ್ಲಿಕ್ಕಿ ರೊಟ್ಟಿ ಬಡಿದವಳು ಎಲ್ಲಿ ಹೋದ್ಲು?

ನಾ ಯಾದಗಿರಿ ಜಿಲ್ಲಾದಾಕಿ, ಸ್ವಸಹಾಯ ಸಂಘದ ಲೆಕ್ಕ ಬರೀತೀನಿ. ನಮ್ಮ ಓಣಿದಾಗ ಹೆಣ್ಮಕ್ಕಳು ನಾಕಕ್ಕ ಏಳ್ತಾರ, ನೀರು, ಹಿಟ್ಟು ನಾದೋದು, 20-25 ರೊಟ್ಟಿ, ಬುತ್ತಿ ಕಟ್ಟಿ ಎಂಟಕ್ಕ ಟಂಟಂ ಗಾಡಿ ಹತ್ತಿ ಹೊಲಕ್ಕ. ತೊಗರಿ ಕುಡಿ ಚಿವುಟೋದು, ಕಸ ತೆಗಿಯೋದು, ಹತ್ತಿ ಬಿಡಿಸೋದು ಎಲ್ಲಾ ಬಗ್ಗಿ ಮಾಡೋ ಕೆಲಸ, ಅದಕ್ಕ ಹೋದ ವರ್ಷ ನಮ್ಮೂರಾಗ 250, ಅದೇ ಹೊಲದಾಗ ಎಣ್ಣಿ ಹೊಡಿಯೋ ಗಂಡಾಳಿಗಿ 500. ಹೆಂಗಸರ ಕೆಲಸ ಹಗುರ ಅಂತ ಕಾರಣ. ಸಂಜಿ ಬಂದ ಮ್ಯಾಲ ಮತ್ತ ಒಲಿ. ಸರ್ಕಾರದ 2019ರ ಸಮಯ ಬಳಕೆ ಸರ್ವೇದಾಗ ಮನಿ ಕೆಲಸ ಮಾಡೋ ಹೆಣ್ಮಕ್ಕಳು ದಿನಾ ಸರಾಸರಿ 299 ನಿಮಿಷ ಅದರಾಗ ಕಳೀತಾರ ಅಂತ ಬಂದದ, ಮಾಡೋ ಗಂಡಸರು 97 ನಿಮಿಷ. ಐದು ತಾಸು, ಒಂದು ರೂಪಾಯಿ ಇಲ್ದೇ. ಮೇಷ್ಟ್ರು ಹೇಳಿದ್ರಲ್ಲ, ನಾಳಿ ಮತ್ತ ಎದ್ದು ಬರೋದಕ್ಕ ಬೇಕಾದಷ್ಟು ಕೂಲಿ ಅಂತ, ಆ ಎದ್ದು ಬರೋದನ್ನ ತಯಾರು ಮಾಡೋಳು ಹೆಂಡ್ತಿ. ಅವಳು ಪುಕ್ಕಟೆ ಮಾಡೋದ್ರಿಂದನೇ ಮಾಲಕಗ ಆಳು ಅಷ್ಟು ಅಗ್ಗಕ್ಕ ಸಿಗೋದು. 1972ರಾಗ ಇಟಲಿದಾಗ ಹೆಣ್ಮಕ್ಕಳು ಮನಿಗೆಲಸಕ್ಕ ಕೂಲಿ ಕೊಡ್ರಿ ಅಂತ ಚಳವಳಿ ಎಬ್ಬಿಸಿದ್ದು ಈ ಲೆಕ್ಕದ ಮ್ಯಾಲೇ, ಅದು ಓದಿದಾಗ ನಮ್ಮವ್ವನ ನೆನಪಿಗಿ ಕಣ್ಣಾಗ ನೀರು ಬಂದ್ವು.

ಇನ್ನ ಜಾತಿ. ಅದನ್ನ ಬಿಟ್ಟು ನಮ್ಮ ಕಡಿ ಅಸಮಾನತೆ ಮಾತಾಡಿದ್ರ ಉಪ್ಪಿಲ್ಲದ ಪುಂಡಿ ಪಲ್ಯ. ಹೊಲ ಯಾರ ಹೆಸರಿಲೆ ಅದ, ತಾಂಡಾದವರು, ಹೊಲಗೇರಿ ಮಾದಿಗೇರಿಯವರು ಯಾಕ ತಲೆತಲಾಂತರ ಕೂಲಿಗೇ ಹೋಗ್ತಾರ? ಜಾತಿ ಬರೀ ಕೆಲಸ ಹಂಚಿಕೊಳ್ಳೋದಲ್ಲ, ಕೆಲಸ ಮಾಡೋ ಮಂದಿನ್ನೇ ಒಬ್ಬರ ಮ್ಯಾಲ ಒಬ್ಬರನ್ನ ಮೆಟ್ಟಿಲಾಗಿ ಇಟ್ಟಿರೋದು ಅಂತ ಬಾಬಾಸಾಹೇಬರು 1936ರಾಗೇ ಹೇಳ್ಯಾರ. 1949ರ ನವೆಂಬರ್ 25ಕ್ಕ ಸಂವಿಧಾನ ಸಭಾದಾಗ ಎಚ್ಚರಿಸಿದ್ರು, ಜನವರಿ 26ರಿಂದ ರಾಜಕೀಯದಾಗ ಸಮಾನತೆ ಬರ್ತದ, ಸಾಮಾಜಿಕ ಆರ್ಥಿಕ ಬದುಕಿನಾಗ ಅಸಮಾನತೆ ಹಂಗೇ ಇರ್ತದ, ಈ ವಿರೋಧಾಭಾಸ ಲಗೂನ ಹೋಗಲಾಡಿಸದಿದ್ರ ಕಟ್ಟಿದ ಪ್ರಜಾಪ್ರಭುತ್ವನೇ ಉಳಿಯಲ್ಲ ಅಂತ. ಅದಕ್ಕಿಂತ ಮೊದಲು 1947ರಾಗ ಅವ್ರು ಕೊಟ್ಟ ಮನವಿದಾಗ ಮುಖ್ಯ ಕೈಗಾರಿಕೆ ಮತ್ತ ಕೃಷಿ ಭೂಮಿ ಸರ್ಕಾರದ್ದಾಗಬೇಕು, ಭೂಮಿ ಜಾತಿ ಭೇದ ಇಲ್ದೇ ಗುಂಪಾಗಿ ಉಳಬೇಕು ಅಂತಿತ್ತು. ಆಗಲಿಲ್ಲ. 1974ರ ಉಳುವವನೇ ಹೊಲದೊಡೆಯ ಕಾಯ್ದೆದಾಗ ಕರಾವಳಿ, ಮಲೆನಾಡಿನ ಗೇಣಿದಾರರಿಗಿ ಸಿಕ್ಕಷ್ಟು ನಮ್ಮ ಕಡಿ ಸಿಗಲಿಲ್ಲ, ಇಲ್ಲಿ ಗೇಣಿ ಚೀಟಿ ಇಲ್ದ ಕೂಲಿಕಾರ ಮಂದಿನೇ ಹೆಚ್ಚು, ಅವರಿಗಿ ಆ ಕಾಯ್ದೆ ಎಲ್ಲಿಂದ ಮುಟ್ಟಬೇಕು. 2020ರಾಗ ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತ ಕಾಯ್ದೆನೇ ಸಡಿಲ ಮಾಡಿದ್ರು.

ಆಮ್ಯಾಲ ಗುಳೇ. ದೀಪಾವಳಿ ಮುಗೀತಂದ್ರ ತಾಂಡಾದಾಗ ಮುದುಕರು, ಮಕ್ಕಳು, ನಾಯಿ ಇಷ್ಟೇ ಉಳೀತಾವ, ಉಳಿದವರು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗಿ. ನಮ್ಮ ಸಂಘದ ಒಬ್ಬಾಕಿ ಮೂರು ತಿಂಗಳ ಕೂಸು ಎತ್ತಿಕೊಂಡು ಬಿಲ್ಡಿಂಗ್ ಕೆಲಸಕ್ಕ ಹೋದ್ಲು, ಆಳು ಕರಕೊಂಡು ಹೋಗೋ ಮುಕಾದಮ್ ಮುಂಗಡ ಕೊಟ್ಟಿದ್ದ, ಮುಂಗಡ ತೀರೋ ತನಕ ಬರಂಗಿಲ್ಲ. ಅಲ್ಲಿ ಅವಳನ್ನ ತಗೋಳ್ಳೋದೇ ಅಗ್ಗಕ್ಕ ಬರ್ತಾಳ ಅಂತ, ಅಲ್ಲಿನ ಕೂಲಿಕಾರರು ಇವಳನ್ನ ನೋಡಿ ನಮ್ಮ ರೇಟು ಕೆಡಿಸಿದ್ಲು ಅಂತ ಬೈತಾರ. ಮಾರ್ಕ್ಸ್ ಕೆಲಸ ಇಲ್ದೇ ಕಾಯೋ ಮಂದಿಗಿ ಮೀಸಲು ಪಡೆ ಅಂದನಂತ, ಮೇಷ್ಟ್ರೇ ಅದರ ಬಗ್ಗೆ ಸ್ವಲ್ಪ ಬರೀರಿ.

ಬೀದರ್_ಮೇಷ್ಟ್ರು

ತಾಯಿ, ನೀವು ಹೇಳಿದ್ದು ನನ್ನ ಉತ್ತರದಾಗ ಮೊದಲೇ ಇರಬೇಕಿತ್ತು, ಬಿಟ್ಟಿದ್ದು ನನ್ನ ತಪ್ಪು.

ಮೀಸಲು ಪಡೆ ಮಾತು ಹೌದು. ಗಂಜಿನ ಗೇಟಿನಾಗ ಇನ್ನೂ ಹತ್ತು ಮಂದಿ ಕುಂತಿದ್ರ ಒಳಗಿನ ಹಮಾಲಿ ರೇಟು ಹೆಚ್ಚು ಕೇಳಲ್ಲ. ಪೋಲೆಂಡಿನ ಅರ್ಥಶಾಸ್ತ್ರಜ್ಞ ಕಲೆಟ್ಸ್ಕಿ 1943ರಾಗ ಇದನ್ನ ಇನ್ನೊಂದು ಹೆಜ್ಜಿ ಮುಂದ ಒಯ್ದ. ಸರ್ಕಾರ ಮನಸ್ಸು ಮಾಡಿದ್ರ ಎಲ್ಲರಿಗೂ ಕೆಲಸ ಕೊಡಬಹುದು, ಕೊಟ್ರ ಮಾಲಕರಿಗಿ ವ್ಯಾಪಾರನೂ ಹೆಚ್ಚಾಗ್ತದ, ಆದ್ರೂ ಅವ್ರು ವಿರೋಧ ಮಾಡ್ತಾರ, ಯಾಕಂದ್ರ ಕೆಲಸದಿಂದ ತೆಗೀತೀನಿ ಅನ್ನೋ ಅಂಜಿಕಿನೇ ಹೋದ್ರ ಆಳು ಕೈಯಾಗ ಇರಲ್ಲ ಅಂತ. ನಮ್ಮ ಕಡಿ ಉದ್ಯೋಗ ಖಾತ್ರಿ ಬಂದಾಗ ದೊಡ್ಡ ಹಿಡುವಳಿದಾರರು ಆಳು ಸಿಗವಲ್ವು, ಖಾತ್ರಿ ಮಂದಿನ್ನ ಸೋಮಾರಿ ಮಾಡ್ತು ಅಂತ ಕಟ್ಟಿ ಮ್ಯಾಲ ಕುಂತು ಅಂತಿದ್ದಿಲ್ಲಾ? 2024-25ರಾಗ ಕರ್ನಾಟಕದಾಗ ಖಾತ್ರಿ ಕೂಲಿ ದಿನಕ್ಕ 349 ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. ನಿಮ್ಮೂರಿನ 250ರ ಬಾಜೂ ಇಟ್ಟು ನೋಡ್ರಿ, ಅವರ ಸಿಟ್ಟು ಎಲ್ಲಿಂದ ಬಂತು ಅಂತ ತಿಳೀತದ.

ಮಿಲ್ಲಿನ_ಮನಿಯವ

ಆಸ್ತಿಗಿ ಸಿಗ್ತದ, ರಿಸ್ಕಿಗಿ ಅಲ್ಲ ಅಂದ್ರಲ್ಲ ಮೇಷ್ಟ್ರೇ, ಆ ಮಾತು ರಾತ್ರಿ ಎಲ್ಲಾ ತಲಿದಾಗ ಇತ್ತು. ಪೂರ್ತಿ ಒಪ್ಪಿಲ್ಲ. ಎಲ್ಲಾ ಸರ್ಕಾರದ್ದಾದ್ರ ಮಿಲ್ ಯಾರು ನಡೆಸಬೇಕು ಅನ್ನೋದಕ್ಕ ನಿಮ್ಮ ಯಾರ ಹತ್ರನೂ ಗಟ್ಟಿ ಉತ್ತರ ಕಾಣ್ಲಿಲ್ಲ, ಸಹಕಾರಿ ಸಂಘ ಎಷ್ಟೋ ಮುಳುಗಿದ್ದು ನಾವು ನೋಡೀವಿ. ಆದ್ರ ಲಾರಿ ಹಲಗಿ ಮಾತು ಖರೆ. ನಮ್ಮಲ್ಲಿ ಒಬ್ಬಾಂವ ಬಿದ್ದಿದ್ದ, ಸೊಂಟ ಹೋಯ್ತು, ಅಪ್ಪ ದವಾಖಾನಿ ಖರ್ಚು ಕೊಟ್ಟ, ಆಮ್ಯಾಲ ಅಂವ ಕೆಲಸಕ್ಕ ಬರಲೇ ಇಲ್ಲ, ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ಕಾಗಿಣಾ_ದಂಡಿ_ಹುಡುಗ

ಎಲ್ಲರಿಗೂ ಕೈ ಮುಗೀತೀನಿ. ಇಷ್ಟು ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಅಕ್ಕಾ, ನಿಮ್ಮದು ಓದಿ ಅವ್ವಗ ಫೋನ್ ಹಚ್ಚಿದೆ, ನೀ ಎಷ್ಟಕ್ಕ ಏಳ್ತಿ ಅಂತ ಕೇಳಿದೆ, ಇಷ್ಟು ವರ್ಷ ಆ ಪ್ರಶ್ನೆ ಕೇಳಿದ್ದೇ ಇಲ್ಲ. ಯಾಕ ಏನಾಯ್ತು ಅಂತ ಗಾಬರಿ ಆದ್ಲು.

ಅಪ್ಪನ ಜೋಡಿ ನಿನ್ನೆ ರಾತ್ರಿ ಲೆಕ್ಕಕ್ಕ ಕುಂತೆ. ಚೀಲದ ರೇಟು ಯಾರು ಬರೀತಾರ ಅಂತ ಕೇಳಿದ್ರ ಅಂವ ಒಂದು ಮಾತು ಹೇಳಿದ, ನಾ ಅದನ್ನ ಯಾವ ನೋಟ್ಸಿನಾಗೂ ಓದಿಲ್ಲ. ಕೆಲವು ವರ್ಷದ ಹಿಂದ ರಾಶಿ ಜೋರಾಗಿ ಬರೋ ಹೊತ್ತಿನಾಗ ಹಮಾಲರೆಲ್ಲಾ ಕೂಡಿ ಮೂರು ದಿನ ಚೀಲಕ್ಕ ಕೈ ಹಚ್ಚಲಿಲ್ಲಂತ. ಗೇಟಿನ ಹೊರಗ ಕುಂತಿದ್ದ ಬ್ಯಾರೆ ಊರಿನ ಮಂದಿಗೂ ಹೋಗಿ ಹೇಳಿದ್ರಂತ, ನೀವು ಒಳಗ ಹೋಗಬ್ಯಾಡ್ರಿ, ನಿಮ್ಮ ಮೂರು ದಿನದ ಊಟ ನಮ್ಮದು ಅಂತ. ಅಪ್ಪ, ಇನ್ನಿಬ್ಬರು ಕೂಡಿ ಅಕ್ಕಿ, ಬ್ಯಾಳಿ ತಂದು ಬೇಯಿಸಿ ಹಾಕಿದ್ರಂತ. ನಾಕನೇ ದಿನ ಚೀಲಕ್ಕ ರೇಟು ಏರಿಸಿದ್ರು. ಅಂದ್ರ ಆ ಮೂರು ದಿನದಾಗ ಅಪ್ಪ ಎತ್ತೋ ಚೀಲದ ಉತ್ಪಾದನಾ ಏನೂ ಬದಲಾಗಿರಲಿಲ್ಲ, ಅದೇ ಚೀಲ, ಅದೇ ತೂಕ, ಅದೇ ಹೆಗಲು, ಆದ್ರ ಕೂಲಿ ಬದಲಾಯ್ತು. ಮೇಷ್ಟ್ರೇ, ಇದನ್ನ ಕ್ಲಾರ್ಕ್ ಲೆಕ್ಕದಾಗ ಎಲ್ಲಿ ಹಾಕಬೇಕು? ಸೆಮಿನಾರಿಗಿ ಇದೇ ವಿಷಯ ತಗೋತೀನಿ ಅಂತ ಗೈಡಿಗಿ ಹೇಳೀನಿ. ರೇಟಿನ ಹಳೇ ಲೆಕ್ಕ ಎಲ್ಲಾರ ಸಿಗ್ತದಾ?

ಗಂಜ್_ಖಾತೆ

ಸಿಗ್ತದ ತಮ್ಮಾ. ಹಮಾಲಿ ಅಂತ ಬ್ಯಾರೆ ಕಾಲಂ ಇರ್ತದ, ನಾ ಬಂದಾಗಿಂದಿನ ನನ್ನ ಕೈಬರಹದ ವಹಿ ನಾನೇ ಜೋಪಾನ ಇಟ್ಟೀನಿ. ಮಾಲಕರಿಗಿ ಒಂದು ಮಾತು ಕೇಳ್ತೀನಿ, ರೈತರ ಹೆಸರು ಬರಕೊಳ್ಳಂಗಿಲ್ಲ, ಬರೀ ರೇಟು ಮತ್ತ ತಾರೀಖು. ಆ ಮೂರು ದಿನದ ಹಾಳಿ ನನಗ ನೆನಪದ, ಆವಕ ಕಾಲಂನಾಗ ಬರೀ ಗೆರಿ ಎಳೆದೀನಿ. ಭಾನುವಾರ ಹನ್ನೊಂದಕ್ಕ ಬಾ, ಅಪ್ಪನ್ನೂ ಕರಕೊಂಡು ಬಾ, ನನ್ನ ಮುಖ ನೋಡಿದ್ರ ಅಂವಗ ಗುರ್ತು ಸಿಗಬೇಕು.